ಗೃಹವಾರ್ತೆ: ಫರಸಿ ನೆಲವೂ ಕುರ್ಚಿಯ ಗಾಲಿಯೂ
ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಅನೇಕ ಮನೆಗಳಿಗೆ ಶಹಾಬಾದಿನ ಫರಸಿಯೇ ನೆಲ. ಮಕ್ಕಳ ಗಣಕಯಂತ್ರದ ಮುಂದೆ ಈಗ ಗಾಲಿಯುಳ್ಳ ಕುರ್ಚಿ ಬಂದಿದೆ. ಅದರಡಿಯಲ್ಲಿ ಬಿಳಿ ಗೀರುಗಳೂ ಮೂಡುತ್ತಿವೆ. ಗಾಲಿಗಿಂತ ಅದಕ್ಕಂಟಿದ ಮರಳೇ ಇದಕ್ಕೆ ಮುಖ್ಯ ಕಾರಣ. ಗಡಸುತನದ ಹತ್ತರ ಅಳತೆಯಲ್ಲಿ ಮರಳಿನ ಹರಳು 7, ಸುಣ್ಣದ ಕಲ್ಲಾದ ಫರಸಿ ಸುಮಾರು 3.

ಆದ್ದರಿಂದ ದಿನವೂ ಕುರ್ಚಿಯಡಿ ಗುಡಿಸಿ, ಒದ್ದೆ ಅರಿವೆಯಿಂದ ಒರೆಸಬೇಕು. ವಾರಕ್ಕೊಮ್ಮೆ ಕುರ್ಚಿಯನ್ನು ಮಗುಚಿ, ಗಾಲಿಗೆ ಸುತ್ತಿದ ಕೂದಲು, ನೂಲು, ಹರಳುಗಳನ್ನು ತೆಗೆಯಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಬದಲು ರಬ್ಬರಿನಂಥ ಮೆದು ಗಾಲಿ ಹಾಕಿಸುವುದು, ಅಡಿಗೆ ಬಿಗಿ ನೇಯ್ಗೆಯ ಜಮಖಾನೆ ಹಾಸುವುದು ಲೇಸು. ಅದನ್ನೂ ಆಗಾಗ ಕೊಡವಬೇಕು. ಗೀರು ಅಳಿಸಲೆಂದು ನಿಂಬೆ, ಹುಣಸೆ, ಆಸಿಡ್ ಬಳಸಲಾಗದು. ಹುಳಿಯು ಸುಣ್ಣದ ಕಲ್ಲನ್ನು ತಿನ್ನುತ್ತದೆ. ಹಿರಿಯರು ಹಾಸಿದ ನೆಲವನ್ನು ಮೊಮ್ಮಕ್ಕಳಿಗೆ ಉಳಿಸಿಕೊಡುವುದೂ ಕಾಯಕವೇ.