ಉಪ್ಪುನೀರಿನ ಓಲೆ

ಕಾರವಾರದ ಕಾಳಿ, ಅಂಕೋಲೆಯ ಗಂಗಾವಳಿ ನದಿಗಳು ಕಡಲನ್ನು ಕೂಡುವೆಡೆ ಇರುವ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಒಡ್ಡು ಒಡೆದು ಉಬ್ಬರದ ನೀರು ಗಜನಿಗೆ ನುಗ್ಗಿತೆಂದರೆ ಸಾಮಾನ್ಯ ಭತ್ತದ ಸಸಿಗಳು ಬಾಡಿ ಬೀಳುವುವು. ಆ ನೆಲದ ಹಳೆಯ ತಳಿಯಾದ ಕಗ್ಗ ಮಾತ್ರ ತಾಳಿ ನಿಲ್ಲುವುದು. ಕಣ್ಣಿಲ್ಲದ, ಕಿವಿಯಿಲ್ಲದ ಸಸಿಗೆ ಉಪ್ಪು ಬಂದ ಸುದ್ದಿಯನ್ನು ಮುಟ್ಟಿಸುವವರಾರು?

ಸುದ್ದಿ ಹೊರಡುವುದು ಜೀವಕೋಶದ ಪೊರೆಯಿಂದಲೇ. ಈ ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ಐದು ಪಾಲು. ಅದರ ಮುಖ್ಯ ಸಾಮಗ್ರಿ ಫಾಸ್ಫೋಲಿಪಿಡ್, ಎಂದರೆ ರಂಜಕವನ್ನೊಳಗೊಂಡ ಕೊಬ್ಬಿನ ಅಣು. ನೀರನ್ನು ಬಯಸುವ ತಲೆಯೊಂದು, ನೀರನ್ನು ಒಲ್ಲದ ಬಾಲಗಳೆರಡು, ಇದು ಅದರ ರೂಪು. ಬಹುಕಾಲ ವಿಜ್ಞಾನಿಗಳು ಇವನ್ನು ಗೋಡೆಯ ಇಟ್ಟಿಗೆಗಳೆಂದೇ ಬಗೆದಿದ್ದರು. 1953ರಲ್ಲಿ ಮೇಬಲ್ ಹಾಗೂ ಲೋವೆಲ್ ಹೋಕಿನ್ ದಂಪತಿಗಳು ಪಾರಿವಾಳದ ಮೇದೋಜೀರಕ ಗ್ರಂಥಿಯ ತುಣುಕುಗಳಿಗೆ ಅಸಿಟೈಲ್‌ಕೋಲಿನ್ ಎಂಬ ಪ್ರಚೋದಕವನ್ನಿತ್ತರು. ಒಡನೆಯೇ ಆ ಇಟ್ಟಿಗೆಗಳು ಹೊಸ ರಂಜಕವನ್ನು ಬಿರುಸಿನಿಂದ ಸೇರಿಸಿಕೊಳ್ಳತೊಡಗಿದವು. ಗೋಡೆ ಜಡವಲ್ಲವೆಂಬುದು ಅಂದು ಗೋಚರವಾಯಿತು.

ಸಸ್ಯಗಳಲ್ಲಿ ನಡೆಯುವುದು ಇನ್ನೂ ಸ್ವಾರಸ್ಯಕರ. ಉಪ್ಪು ತಾಗಿದ ಕೆಲವೇ ನಿಮಿಷಗಳಲ್ಲಿ ಫಾಸ್ಫೋಲೈಪೇಸ್-ಡಿ ಎಂಬ ಕಿಣ್ವವು ಪೊರೆಯ ಅಣುವಿನ ತಲೆಯ ತುದಿಯನ್ನು ಕತ್ತರಿಸುವುದು. ಉಳಿದ ಭಾಗವೇ ಫಾಸ್ಫಾಟಿಡಿಕ್ ಆಮ್ಲ. ಅದೇ ಅಪಾಯದ ಓಲೆ. ನೆಮ್ಮದಿಯ ದಿನಗಳಲ್ಲಿ ಎಬಿಐ-1 ಎಂಬ ಪ್ರೋಟೀನು ಆಪತ್ಕಾಲದ ಜೀನುಗಳು ಎಚ್ಚರಗೊಳ್ಳದಂತೆ ತಡೆದಿರುತ್ತದೆ. ಫಾಸ್ಫಾಟಿಡಿಕ್ ಆಮ್ಲವು ಅದನ್ನು ಪೊರೆಯ ಬಳಿಯಲ್ಲಿಯೇ ಹಿಡಿದು, ಕೋಶಕೇಂದ್ರವನ್ನು ಹೊಗದಂತೆ ಮಾಡುತ್ತದೆ. ತಡೆ ಸಡಿಲಿದೊಡನೆ ಆ ಜೀನುಗಳು ಕಾರ್ಯೋನ್ಮುಖವಾಗುವುವು. ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಈ ಹಿಡಿತವನ್ನು 2004ರಲ್ಲಿ ತೋರಿಸಿಕೊಡಲಾಯಿತು.

ಇಲ್ಲಿ ಗಮನಿಸಬೇಕಾದುದೊಂದಿದೆ. ಓಲೆಯು ಜೀನನ್ನು ಬದಲಿಸುವುದಿಲ್ಲ, ಹೊಸದಾಗಿ ಸೃಷ್ಟಿಸುವುದೂ ಇಲ್ಲ. ಇದ್ದುದನ್ನು ಎಬ್ಬಿಸುತ್ತದೆ, ಅಷ್ಟೇ. ಸಂಕಟವನ್ನು ಎಷ್ಟರಮಟ್ಟಿಗೆ ಎದುರಿಸಬಹುದೆಂಬುದು ಸಸಿ ಹಿರಿಯರಿಂದ ಪಡೆದು ಬಂದ ಬಲವನ್ನು ಅವಲಂಬಿಸಿದೆ. ಕರಾವಳಿಯ ಎಷ್ಟೋ ಗಜನಿಗಳು ಸಿಗಡಿಯ ಹೊಂಡಗಳಾಗಿ ಮಾರ್ಪಟ್ಟು, ಕಗ್ಗ ಬಿತ್ತುವವರು ವಿರಳರಾಗಿರುವ ಈ ಕಾಲದಲ್ಲಿ ರೈತನೊಬ್ಬನು ಮುಂದಿನ ಮಳೆಗಾಲಕ್ಕೆಂದು ಎತ್ತಿಟ್ಟ ಬೀಜದ ಬೆಲೆ ಇಲ್ಲಿದೆ. ಕೈತಪ್ಪಿಹೋದ ತಳಿಯನ್ನು ಯಾವ ಓಲೆಯೂ ಎಬ್ಬಿಸಲಾರದು.