ಖ್ಯಾತಿಯೆಂಬ ಬಂಡವಾಳ, ಮೌನವೆಂಬ ಲಾಭ

‘ಕಲಾವಿದರಿಗೇಕೆ ರಾಜಕೀಯ? ನಟಿಸಲಿ, ಹಾಡಲಿ, ಅಷ್ಟು ಸಾಕು’ ಎಂಬುದು ನಮ್ಮ ವಿದ್ಯಾವಂತರ ಮೆಚ್ಚಿನ ಮಾತು. ಸರ್ವಾಧಿಕಾರಿಯ ನೆರಳಿನಲ್ಲಿ ನಡುಗುತ್ತಿರುವ ಕಲಾವಿದನ ಪರವಾಗಿ ತಾರೆಯೊಬ್ಬರು ದನಿಯೆತ್ತಿದರೆ, ಅದು ಪ್ರಚಾರದ ಗೀಳೆಂದು ತೀರ್ಪಿತ್ತು ಸುಮ್ಮನಾಗುತ್ತೇವೆ. ಈ ತೀರ್ಪು ನ್ಯಾಯವೇ? ಲೆಕ್ಕಪರಿಶೋಧನೆ ನನ್ನ ವೃತ್ತಿ; ಆದುದರಿಂದ ನಡೆದ ಸಂಗತಿಯನ್ನೇ ಮುಂದಿಟ್ಟು ಕೇಳುತ್ತೇನೆ.

ಚಿಲಿ ದೇಶದಲ್ಲಿ ಜನರಲ್ ಪಿನೋಚೆ ಅಧಿಕಾರ ಕಸಿದುಕೊಂಡದ್ದು 1973ರ ಸೆಪ್ಟೆಂಬರಿನಲ್ಲಿ. ಕೆಲವೇ ದಿನಗಳಲ್ಲಿ ಗಾಯಕ ವಿಕ್ಟರ್ ಹಾರಾ ಅವರನ್ನು ಸೈನಿಕರು ಸ್ಯಾಂಟಿಯಾಗೋದ ಕ್ರೀಡಾಂಗಣದಲ್ಲಿ ಕೂಡಿಹಾಕಿ, ಹಿಂಸಿಸಿ ಕೊಂದರು. ಹದಿನಾಲ್ಕು ವರ್ಷಗಳ ತರುವಾಯ, 1987ರಲ್ಲಿ, ಎಪ್ಪತ್ತಕ್ಕೂ ಹೆಚ್ಚು ರಂಗಕರ್ಮಿಗಳಿಗೆ ಬೆದರಿಕೆ ಬಂದಿತು: ನವೆಂಬರ್ ಮುಗಿಯುವುದರೊಳಗೆ ದೇಶ ಬಿಡಿ, ಇಲ್ಲವೇ ಸಾಯಿರಿ. ಹಾರಾ ಅವರ ಗತಿಯನ್ನು ಕಂಡಿದ್ದವರಿಗೆ ಇದು ಪೊಳ್ಳು ಮಾತಾಗಿ ತೋರಲು ಸಾಧ್ಯವಿರಲಿಲ್ಲ.

ಆಗ ದೇಶಭ್ರಷ್ಟ ಲೇಖಕ ಏರಿಯಲ್ ಡಾರ್ಫ್‌ಮನ್ ಅವರ ಕೋರಿಕೆಯಂತೆ ‘ಸೂಪರ್‌ಮ್ಯಾನ್’ ಖ್ಯಾತಿಯ ಕ್ರಿಸ್ಟೋಫರ್ ರೀವ್ ಸ್ಯಾಂಟಿಯಾಗೋಗೆ ಹೋದರು. ತೆರೆಯ ಮೇಲೆ ಹಾರುವವನಿಗೆ ಅಲ್ಲಿ ಯಾವ ಕವಚವೂ ಇರಲಿಲ್ಲ. ಬೆದರಿಕೆಗೊಳಗಾದವರ ಪಕ್ಕದಲ್ಲಿ ನಿಂತು ಸಭೆಯಲ್ಲಿ ಮಾತನಾಡಿದರು. ಗಡುವು ಕಳೆಯಿತು, ಬೆದರಿಕೆ ಕೃತಿಗಿಳಿಯಲಿಲ್ಲ. ಮರುವರ್ಷ ಅಕ್ಟೋಬರ್ 5ರ ಜನಮತದಲ್ಲಿ ಚಿಲಿಯ ಜನರೇ ಪಿನೋಚೆಯನ್ನು ತಿರಸ್ಕರಿಸಿದರು. ಆ ಗೆಲುವಿನ ಯಶಸ್ಸು ಜನರದು; ರೀವ್ ಅವರದೆಂದರೆ ಅತಿಶಯೋಕ್ತಿಯಾದೀತು.

ಹಾಗಾದರೆ ತಾರೆಯ ಪಾತ್ರವೇನು? ಅಪರಿಚಿತನನ್ನು ಕತ್ತಲಲ್ಲಿ ಕೊಲ್ಲುವುದು ಸರ್ವಾಧಿಕಾರಿಗೆ ಅಗ್ಗದ ವ್ಯವಹಾರ. ಜಗತ್ತಿನ ಕ್ಯಾಮೆರಾಗಳು ತಿರುಗಿದಾಗ ಅದೇ ಕೊಲೆ ದುಬಾರಿಯಾಗುತ್ತದೆ. ಆ ಬೆಲೆಯನ್ನು ಏರಿಸುವುದಷ್ಟೇ ಖ್ಯಾತರ ಕೆಲಸ. ಅದರಿಂದ ಎಲ್ಲ ಸಲವೂ ಫಲ ದೊರೆಯದು. 2010ರ ಮೇ ತಿಂಗಳಿನಲ್ಲಿ ಕಾನ್ ಚಿತ್ರೋತ್ಸವದ ವೇದಿಕೆಯಲ್ಲಿ ಫ್ರೆಂಚ್ ನಟಿ ಜೂಲಿಯೆಟ್ ಬಿನೋಶ್, ಇರಾನಿನಲ್ಲಿ ಬಂಧಿತರಾಗಿದ್ದ ನಿರ್ದೇಶಕ ಜಾಫರ್ ಪನಾಹಿ ಅವರ ಹೆಸರಿನ ಫಲಕ ಹಿಡಿದರು. ಸೆರೆಯಲ್ಲಿ ಉಪವಾಸ ಹೂಡಿದ್ದ ಪನಾಹಿ ಅದೇ ತಿಂಗಳು ಜಾಮೀನಿನ ಮೇಲೆ ಹೊರಬಂದರು. ಆದರೆ ಡಿಸೆಂಬರಿನಲ್ಲಿ ಅವರಿಗೆ ಆರು ವರ್ಷಗಳ ಸೆರೆ, ಚಿತ್ರ ನಿರ್ಮಿಸದಂತೆ ಇಪ್ಪತ್ತು ವರ್ಷಗಳ ನಿಷೇಧ. ಫಲ ಅನಿಶ್ಚಿತವೆಂಬುದು ಸುಮ್ಮನಿರುವುದಕ್ಕೆ ಕಾರಣವಾದರೆ, ಯಾವ ವೈದ್ಯನೂ ಔಷಧ ಕೊಡಲಾರ.

ಹಾಗೆಂದು ಎಲ್ಲ ಬೆಂಬಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡು ಪ್ರಶ್ನೆಗಳು ಅಗತ್ಯ. ಸಂಕಟದಲ್ಲಿರುವವರೇ ಈ ನೆರವನ್ನು ಬೇಡಿದರೇ? ನೀಡಿದವರು ತಮ್ಮದೇನನ್ನಾದರೂ ಪಣಕ್ಕಿಟ್ಟರೇ? ಎರಡಕ್ಕೂ ರೀವ್ ಅವರ ಉತ್ತರ ‘ಹೌದು’. ಪಶ್ಚಾತ್ತಾಪದ ಮುಖಮುದ್ರೆಯೊಂದಿಗೆ ಮೊಬೈಲಿನಲ್ಲಿ ನಾಲ್ಕು ಸಾಲು ಹರಿಯಬಿಟ್ಟು, ಮರುದಿನ ಅದೇ ಅರಸನ ಆಸ್ಥಾನದಲ್ಲಿ ಸಂಭಾವನೆ ಪಡೆದು ಕುಣಿಯುವವರನ್ನು ಧಾರಾಳವಾಗಿ ಖಂಡಿಸೋಣ. ಆದರೆ ಹುಸಿ ನಾಣ್ಯವಿದೆಯೆಂದು ಅಸಲಿ ನಾಣ್ಯವನ್ನೂ ಎಸೆಯುವುದು ಯಾವ ಜಾಣತನ?

ತಾರೆಯ ಖ್ಯಾತಿ ಆಕಾಶದಿಂದ ಉದುರಿದ್ದಲ್ಲ. ನಾವು ಟಿಕೆಟ್ ಕೊಂಡು ಕೂಡಿಸಿಕೊಟ್ಟ ಬಂಡವಾಳ. ಅದನ್ನು ಸೋಪಿನ ಜಾಹೀರಾತಿಗೆ ಹೂಡಿದಾಗ ಆಕ್ಷೇಪಿಸದ ನಾವು, ಒಂದು ಜೀವದ ರಕ್ಷಣೆಗೆ ಹೂಡಿದಾಗ ಮಾತ್ರ ‘ಇದು ನಿಮ್ಮ ಕೆಲಸವಲ್ಲ’ ಎನ್ನುತ್ತೇವೆ. ಬಂಡವಾಳ ಹೂಡಿದವರಾಗಿ ನಾವು ಕೇಳಬೇಕಾದ ಲೆಕ್ಕ ಅವರ ಮಾತಿನದಲ್ಲ, ಮೌನದ್ದು.