ಉಚಿತ ಅರ್ಜಿಗೆ ಬೆಲೆ ಕಟ್ಟುವವರು

ಮಲೇಷ್ಯಾಕ್ಕೆ ಹೋಗುವ ಪ್ರವಾಸಿಗರು ಅಲ್ಲಿ ಇಳಿಯುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರವೊಂದನ್ನು ಅಂತರ್ಜಾಲದಲ್ಲಿ ಭರ್ತಿ ಮಾಡಬೇಕು. ಸಿಂಗಾಪುರದಲ್ಲಿಯೂ ಇಂತಹದೇ ಪತ್ರವಿದೆ. ಥಾಯ್ಲೆಂಡ್ 2025ರ ಮೇ 1ರಿಂದ ಇದನ್ನು ಕಡ್ಡಾಯಗೊಳಿಸಿತು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ವಿಮಾನದ ಸಂಖ್ಯೆ, ತಂಗುವ ವಿಳಾಸ, ಆರೋಗ್ಯದ ಒಂದೆರಡು ಪ್ರಶ್ನೆ: ಅದರಲ್ಲಿ ಕೇಳುವುದು ಹೆಚ್ಚುಕಡಿಮೆ ಇಷ್ಟೇ. ಈ ಮೂರು ಸರ್ಕಾರಗಳಲ್ಲಿ ಯಾವುದೂ ಇದಕ್ಕಾಗಿ ಒಂದು ಕಾಸನ್ನೂ ಪಡೆಯುವುದಿಲ್ಲ. ಹೀಗಿದ್ದೂ ಇದಕ್ಕೆಂದು ಸಾವಿರಾರು ರೂಪಾಯಿ ತೆತ್ತ ಕುಟುಂಬಗಳು ನಮ್ಮ ನಡುವೆ ಇವೆ. ತೆತ್ತದ್ದು ಸರ್ಕಾರಕ್ಕೆ ಎಂಬ ನಂಬಿಕೆಯಲ್ಲಿಯೇ ಅವರಲ್ಲಿ ಕೆಲವರು ಇಂದಿಗೂ ಇದ್ದಾರೆ.

ಉಮ್ರಾಕ್ಕೆ ಹೊರಡುವಾಗ ನಮ್ಮವರು ಸಾಮಾನ್ಯವಾಗಿ ಪರಿಚಯದ ಟ್ರಾವೆಲ್ಸ್‌ನವರನ್ನು ಆಶ್ರಯಿಸುತ್ತಾರೆ. ಕಾಗದಪತ್ರಗಳ ಹೊಣೆ ಅವರದು. ಮಕ್ಕಳ ರಜೆಯಲ್ಲಿ ಕೌಲಾಲಂಪುರಕ್ಕೆ ಹೋಗುವಾಗ ಮಾತ್ರ ಟಿಕೆಟನ್ನೂ ಹೋಟೆಲನ್ನೂ ಮೊಬೈಲಿನಲ್ಲಿ ತಾವೇ ಗೊತ್ತುಮಾಡುತ್ತಾರೆ. ಭಾರತೀಯರಿಗೆ ಅಲ್ಲಿ 30 ದಿನಗಳವರೆಗೆ ವೀಸಾ ವಿನಾಯಿತಿ ದೊರೆತದ್ದು 2023ರ ಡಿಸೆಂಬರ್‌ನಿಂದ. ವೀಸಾ ಶುಲ್ಕ ಉಳಿಯಿತೆಂದು ಸಂತೋಷಪಟ್ಟವರ ಕಿಸೆಗೆ ಇನ್ನೊಂದು ಬಾಗಿಲಿನಿಂದ ಕೈ ಬಿದ್ದಿತು.

ದಕ್ಷಿಣ ಕನ್ನಡದ ನಮ್ಮ ಪರಿಚಿತ ಕುಟುಂಬವೊಂದರಲ್ಲಿ ಐವರು ಪ್ರಯಾಣಿಕರಿದ್ದರು. ಪದವೀಧರೆಯಾದ ಮಗಳು ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ತಾಣವನ್ನು ತೆರೆದಳು. ಆ ದೇಶದ ಧ್ವಜದ ಬಣ್ಣ, ಲಾಂಛನವನ್ನು ಹೋಲುವ ಚಿತ್ರ, ‘ಅಧಿಕೃತ’ ಎಂಬ ಭಾವ ಹುಟ್ಟಿಸುವ ಮಾತುಗಳು ಎಲ್ಲವೂ ಅಲ್ಲಿದ್ದವು. ಫಾರಂ ತುಂಬಿದ ಮೇಲೆ ತಲೆಗೆ ನಾಲ್ಕು ಸಾವಿರ ರೂಪಾಯಿಗೂ ಮೀರಿ ಕೇಳಿತು. ಐವರದೂ ಕಟ್ಟಿದರು. ಮರುದಿನ ಪತ್ರ ಇಮೇಲ್‌ಗೆ ಬಂದಿತು. ವಿಮಾನ ನಿಲ್ದಾಣದಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಅದು ಪುಕ್ಕಟೆ ಪತ್ರವೆಂದು ತಿಳಿದದ್ದು ಹಿಂತಿರುಗಿ ಬಂದ ಮೇಲೆ, ಬೇರೊಬ್ಬ ಪ್ರಯಾಣಿಕರ ಬಾಯಿಂದ. ಬ್ಯಾಂಕಿಗೆ ದೂರು ಕೊಟ್ಟಾಗ ಬಂದ ಪ್ರಶ್ನೆ: “ನೀವು ಕೇಳಿದ ಪತ್ರ ನಿಮಗೆ ಸಿಕ್ಕಿದೆಯಲ್ಲ?”

ಈ ದಂಧೆಯ ಚಾಣಾಕ್ಷತೆ ಇರುವುದೇ ಇಲ್ಲಿ. ಬ್ಯಾಂಕ್ ಖಾತೆ ಬರಿದು ಮಾಡುವ ಕಳ್ಳ ಸರಕನ್ನು ಕೊಡುವುದಿಲ್ಲ, ಇವರು ಕೊಡುತ್ತಾರೆ. ನಾವು ತುಂಬಿದ್ದನ್ನೇ ಸರ್ಕಾರದ ಫಾರಂಗೆ ನಕಲು ಮಾಡಿ, ಬಂದ ಉತ್ತರವನ್ನು ನಮಗೆ ದಾಟಿಸುತ್ತಾರೆ. ಆದ್ದರಿಂದ ಮೋಸಹೋದವರಿಗೆ ಮೋಸಹೋದೆವೆಂದು ಗೊತ್ತಾಗುವುದಿಲ್ಲ, ಗೊತ್ತಾದವರಿಗೆ ದೂರು ಕೊಡಲು ಬಾಯಿ ಬರುವುದಿಲ್ಲ.

ಇದನ್ನು ಸಮರ್ಥಿಸುವವರ ಬಳಿ ಒಂದೇ ಮಾತಿದೆ: “ಇದು ಸೇವಾ ಶುಲ್ಕ.” ಧರ್ಮ ಬಲ್ಲವರಂತೆ ತೋರುವ ಕೆಲವರು ‘ದುಡಿಮೆಗೆ ಕೂಲಿ ಹಲಾಲ್ ಅಲ್ಲವೇ’ ಎಂದೂ ಸೇರಿಸುತ್ತಾರೆ. ಕೂಲಿ ಹಲಾಲ್ ಎಂಬುದರಲ್ಲಿ ನಮಗೂ ಸಂಶಯವಿಲ್ಲ. ನಮ್ಮ ಪೇಟೆಯ ಝೆರಾಕ್ಸ್ ಅಂಗಡಿಯವರು, ಇಂಗ್ಲಿಷ್ ಓದಲು ಬಾರದ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, “ಉಮ್ಮಾ, ಇದಕ್ಕೆ ಸರ್ಕಾರ ಹಣ ತೆಗೆದುಕೊಳ್ಳುವುದಿಲ್ಲ, ತುಂಬಿಕೊಡುವುದಕ್ಕೆ ನನಗೆ ನೂರು ರೂಪಾಯಿ ಕೊಡಿ” ಎಂದರೆ ಅದು ಶುದ್ಧ ಸಂಪಾದನೆ. ಇನ್ನೂರು ಕೇಳಿದರೂ ನಮ್ಮ ತಕರಾರಿಲ್ಲ. ಅಜ್ಜಿಗೆ ವಿಷಯ ತಿಳಿದಿದೆ, ಒಪ್ಪುವ ಅಥವಾ ನಿರಾಕರಿಸುವ ಸ್ವಾತಂತ್ರ್ಯವೂ ಇದೆ. ಆ ತಾಣದವನಿಗೆ ಹಣ ಹುಟ್ಟುವುದು ಗ್ರಾಹಕನ ಅಜ್ಞಾನದಿಂದ. ‘ನಾವು ಸರ್ಕಾರವಲ್ಲ, ಸರ್ಕಾರದಲ್ಲಿ ಇದು ಉಚಿತ’ ಎಂದು ಪುಟದ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರೆ ಎಷ್ಟು ಜನ ಕಟ್ಟುತ್ತಾರೆ? ಆ ವಾಕ್ಯವನ್ನು ಅವರು ಬರೆಯದೆ ಇರುವುದೂ ಇಲ್ಲ. ಪುಟದ ತಳದಲ್ಲಿ, ಬೂದು ಬಣ್ಣದ ಕಿರು ಅಕ್ಷರದಲ್ಲಿ, ನ್ಯಾಯಾಲಯಕ್ಕೆ ತೋರಿಸಲೆಂದು ಬರೆದಿರುತ್ತಾರೆ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ತಗುಲಿದ ಪ್ರಸಂಗವನ್ನು ಮದ್ರಸದ ಮಕ್ಕಳೂ ಬಲ್ಲರು. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂಬುದು ಪ್ರವಾದಿವರ್ಯರ(ಸ) ಆಕ್ಷೇಪವಾಗಿತ್ತು. ಆ ವ್ಯಾಪಾರಿಯ ಬಳಿ ಧಾನ್ಯವಿತ್ತು, ಮಾರುವ ಹಕ್ಕೂ ಇತ್ತು. ಒದ್ದೆಯಾದದ್ದು ರಾಶಿಯ ಅಡಿಯಲ್ಲಿತ್ತು, ಅಷ್ಟೇ. ಪುಟದ ತಳದ ಕಿರು ಅಕ್ಷರ ಇದಕ್ಕಿಂತ ಹೇಗೆ ಬೇರೆ ಎಂಬುದನ್ನು ‘ಸೇವಾ ಶುಲ್ಕ’ದ ವಕೀಲರೇ ಹೇಳಲಿ.

ಲೌಕಿಕ ಕಾನೂನೂ ಇದಕ್ಕೆ ಕುರುಡಾಗಿಲ್ಲ. ಬ್ರಿಟನ್ನಿನಲ್ಲಿ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ವಿದೇಶಿ ವೀಸಾ ಮೊದಲಾದವುಗಳ ಸರ್ಕಾರಿ ತಾಣಗಳನ್ನು ಅನುಕರಿಸಿ ದುಬಾರಿ ಶುಲ್ಕ ವಸೂಲು ಮಾಡುತ್ತಿದ್ದ ಆರು ಮಂದಿಗೆ 2018ರಲ್ಲಿ ಒಟ್ಟು 35 ವರ್ಷಗಳಿಗೂ ಹೆಚ್ಚಿನ ಸೆರೆವಾಸ ವಿಧಿಸಲಾಯಿತು. ಜನರಿಗಾದ ನಷ್ಟ 3 ಕೋಟಿ 70 ಲಕ್ಷ ಪೌಂಡ್‌ಗೂ ಅಧಿಕ. ಆದರೆ ಒಂದು ದೇಶದಲ್ಲಿ ನೋಂದಣಿ, ಇನ್ನೊಂದರಲ್ಲಿ ಬ್ಯಾಂಕ್ ಖಾತೆ, ಮೂರನೆಯದರಲ್ಲಿ ಗ್ರಾಹಕ ಇರುವಾಗ ಯಾವ ಠಾಣೆಯ ಪೊಲೀಸರು ಯಾರನ್ನು ಹಿಡಿಯಬೇಕು?

ಹುಡುಕಾಟದ ಕಂಪನಿಗಳನ್ನು ನಾವು ಬಿಟ್ಟುಬಿಡಲಾರೆವು. ಸರ್ಕಾರಿ ದಾಖಲೆಗಳ ಜಾಹೀರಾತನ್ನು ಸರ್ಕಾರ ಅಥವಾ ಅದರಿಂದ ನೇಮಿತರಾದವರು ಮಾತ್ರ ನೀಡಬಹುದೆಂಬ ನಿಯಮ ಗೂಗಲ್‌ನಲ್ಲಿ ಇದೆ. ನಿಯಮ ಬರೆದವರೇ ಹಣ ಪಡೆದು ಇಂತಹ ತಾಣಗಳನ್ನು ‘ಪ್ರಾಯೋಜಿತ’ ಎಂಬ ಪುಟ್ಟ ಹಣೆಪಟ್ಟಿಯೊಂದಿಗೆ ಅಸಲಿ ತಾಣದ ತಲೆಯ ಮೇಲೆ ಕೂರಿಸಿದ ಉದಾಹರಣೆಗಳು ಮತ್ತೆ ಮತ್ತೆ ಬೆಳಕಿಗೆ ಬಂದಿವೆ. ಮೋಸದ ತಕ್ಕಡಿಗೆ ಅಂಗಡಿ ಬಾಡಿಗೆ ಕೊಟ್ಟು, ಬಾಡಿಗೆಯನ್ನು ಮಾತ್ರ ಎಣಿಸುವ ನ್ಯಾಯವಿದು.

ಮೋಸಹೋದವರನ್ನೇ ಹಂಗಿಸುವವರೂ ಇದ್ದಾರೆ: “ವಿಳಾಸ ನೋಡಿಕೊಳ್ಳಬಾರದಿತ್ತೇ? ಓದಿದವರಲ್ಲವೇ?” ವಿಳಾಸ ನೋಡುವುದು ಅವರು ತಿಳಿದಷ್ಟು ಸುಲಭವಲ್ಲ. ಭಾರತದ್ದು ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ, ಮಲೇಷ್ಯಾದ್ದು ‘ಗವ್ ಡಾಟ್ ಎಂವೈ’, ಥಾಯ್ಲೆಂಡಿನದು ‘ಗೋ ಡಾಟ್ ಟಿಎಚ್’. ಕೆನಡಾದ ವಿಳಾಸದಲ್ಲಿ ‘ಗವ್’ ಎಂಬುದೇ ಇಲ್ಲ, ಅದು ‘ಕೆನಡಾ ಡಾಟ್ ಸಿಎ’. ಕೇವಲ 7 ಡಾಲರ್ ಶುಲ್ಕವಿರುವ ಕೆನಡಾದ ಪ್ರಯಾಣ ಅನುಮತಿಗೆ ಅದರ ಹಲವು ಪಟ್ಟು ಕೇಳುವ ತಾಣಗಳಿವೆ. ಯುರೋಪಿನ ‘ಎಟಿಯಾಸ್’ ಅನುಮತಿಗಂತೂ ಅರ್ಜಿ ಸ್ವೀಕಾರ ಆರಂಭವಾಗುವ ಮೊದಲೇ ಖಾಸಗಿ ತಾಣಗಳು ಹುಟ್ಟಿಕೊಂಡಿದ್ದವು. ಮಗುವಿಲ್ಲದ ಮನೆಗೆ ತೊಟ್ಟಿಲು ಮಾರುವವರ ಮುಂದೆ ಓದಿದವರು, ಓದದವರು ಎಂಬ ಭೇದ ಎಲ್ಲಿಯದು?

ಬ್ರಿಟನ್, ಅಮೆರಿಕಗಳ ಪೌರತ್ವ ಪಡೆದ ನಮ್ಮ ಬಂಧುಗಳು ಮದುವೆಗೋ ಮಯ್ಯಿತ್ತಿಗೋ ಊರಿಗೆ ಬರುವಾಗ ಭಾರತದ ಇ-ವೀಸಾದ ಹೆಸರಿನಲ್ಲಿಯೂ ಇದೇ ಬಲೆ ಕಾದಿರುತ್ತದೆ. ನಕಲಿ ತಾಣಗಳ ಬಗ್ಗೆ ನಮ್ಮ ಸರ್ಕಾರದ ಇ-ವೀಸಾ ತಾಣವೇ ಎಚ್ಚರಿಕೆ ಪ್ರಕಟಿಸಿದೆ. ಆ ಎಚ್ಚರಿಕೆ ಇರುವುದು ಅಸಲಿ ತಾಣದಲ್ಲಿ! ಅಲ್ಲಿಗೆ ತಲುಪಿದವರಿಗೆ ಅದರ ಅಗತ್ಯವೆಷ್ಟು? ಟಿಕೆಟ್ ಮಾರುವ ವಿಮಾನ ಸಂಸ್ಥೆಗಳು ಪ್ರತಿ ಟಿಕೆಟಿನೊಂದಿಗೆ ಅಸಲಿ ವಿಳಾಸವನ್ನು ಮುದ್ರಿಸಿ ಕೊಡಲೇಬೇಕೆಂದು ಸರ್ಕಾರ ಆದೇಶಿಸಲಿ. ಅಲ್ಲಿಯವರೆಗೆ ನಮ್ಮ ಜಮಾಅತ್‌ಗಳು ಪ್ರವಾಸದ ಋತುವಿನಲ್ಲಿ ಈ ನಾಲ್ಕೈದು ವಿಳಾಸಗಳನ್ನು ಮಸೀದಿಯ ಸೂಚನಾ ಫಲಕಕ್ಕೆ ಅಂಟಿಸಬಹುದು, ಖರ್ಚು ಒಂದು ಹಾಳೆಯದು.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮನೆಯ ಹೆಣ್ಣುಮಕ್ಕಳ ಭಾವಚಿತ್ರ, ಮಕ್ಕಳ ಜನ್ಮದಿನಾಂಕ, ಪಾಸ್‌ಪೋರ್ಟಿನ ಪ್ರತಿ ಎಲ್ಲವೂ ಹೆಸರಿಲ್ಲದವನ ಕಂಪ್ಯೂಟರಿನಲ್ಲಿ ಉಳಿದಿವೆ, ಮತ್ತು ಆತ ಅವನ್ನು ಅಳಿಸುವಂತೆ ಮಾಡುವ ದಾರಿ ನಮಗೆ ತಿಳಿದಿಲ್ಲ. ಈಗಾಗಲೇ ಹಣ ಕಟ್ಟಿದವರು ನಾಚಿಕೆಪಟ್ಟು ಸುಮ್ಮನಿರದೆ, ಕಾರ್ಡ್ ಕೊಟ್ಟ ಬ್ಯಾಂಕಿಗೆ ಲಿಖಿತ ತಕರಾರು ಸಲ್ಲಿಸಿ, 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ಕರೆ ಮಾಡಲಿ. ಪತ್ರ ಕೈಸೇರಿತಲ್ಲ ಎಂದು ಬ್ಯಾಂಕಿನವರು ಕೇಳಿದರೆ, ಸರ್ಕಾರದ ಶುಲ್ಕವೆಂದು ನಂಬಿಸಿ ಹಣ ಪಡೆದರು ಎಂಬುದನ್ನು ಆ ಪುಟದ ಚಿತ್ರ ಸಹಿತ ಬರೆದುಕೊಡಲಿ.